ಫ್ಯೂಡಲ್ ಎಂಬ ಬೈಗುಳ

ರಜೆ ಕೊಡದ ಮೇಲಧಿಕಾರಿ ಫ್ಯೂಡಲ್, ಸೊಸೆ ಕೊನೆಗೇ ಉಣ್ಣಬೇಕೆನ್ನುವ ಅತ್ತೆಯೂ ಫ್ಯೂಡಲ್. ಮೊನ್ನೆ ನಾನೂ ಒಬ್ಬರನ್ನು ಹಾಗೆ ಜರೆದೆ. ಮನೆಗೆ ಬಂದ ಮೇಲೆ ಪದದ ಬೆನ್ನು ಹತ್ತಿದೆ.

ಮಧ್ಯಯುಗದ ಲ್ಯಾಟಿನ್‌ನಲ್ಲಿ 'ಫ್ಯೂಡಮ್' ಎಂದರೆ ಸೇವೆಗೆ ಪ್ರತಿಯಾಗಿ ಬಿಟ್ಟ ಭೂಮಿ, ಹೆಚ್ಚುಕಡಿಮೆ ನಮ್ಮ ಉಂಬಳಿ. ಅದರ ಬೇರು ದನಕರು, ಸಂಪತ್ತು ಎಂಬರ್ಥದ ಹಳೆಯ ಜರ್ಮಾನಿಕ್ 'ಫೆಹು' ಎಂದು ಹೆಚ್ಚಿನ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಫೆಹು ನಮ್ಮ 'ಪಶು'ವಿನ ದಾಯಾದಿ! ಶಾಲೆಗೆ ಕಟ್ಟುವ ಫೀ ಕೂಡ ಇದೇ ವಂಶದ್ದು. ಕಟ್ಟುವಾಗ ದನ ಮಾರಿದಷ್ಟೇ ಸಂಕಟವಾಗುವುದು ಸುಮ್ಮನಲ್ಲ.

1127ರ ಏಪ್ರಿಲ್‌ನಲ್ಲಿ ಇಂದಿನ ಬೆಲ್ಜಿಯಂನ ಬ್ರೂಜ್ ಪಟ್ಟಣದಲ್ಲಿ ನಡೆದದ್ದನ್ನು ಗಾಲ್ಬರ್ಟ್ ಎಂಬವನು ಬರೆದಿಟ್ಟಿದ್ದಾನೆ. ಫ್ಲಾಂಡರ್ಸಿನ ಹೊಸ ದೊರೆ ವಿಲಿಯಮ್, ಪೂರ್ತಿಯಾಗಿ ನನ್ನವನಾಗುತ್ತೀಯಾ ಎಂದು ಎದುರು ನಿಂತವನನ್ನು ಕೇಳುತ್ತಾನೆ. ಅವನು ಒಪ್ಪಿ ಕೈಜೋಡಿಸುತ್ತಾನೆ. ಆ ಕೈಗಳನ್ನು ದೊರೆ ತನ್ನ ಅಂಗೈಗಳ ನಡುವೆ ಹಿಡಿಯುತ್ತಾನೆ. ಮುತ್ತಿಟ್ಟು ನಂಟು ಗಟ್ಟಿಮಾಡಿಕೊಳ್ಳುತ್ತಾರೆ. ಆಮೇಲೆ ಆಣೆ, ಕೊನೆಗೆ ಕೈಯಲ್ಲೊಂದು ಕೋಲು ಹಿಡಿದು ಭೂಮಿಯ ಹಕ್ಕು ಕೊಡುವುದು. ಊರ ರೈತನಿಗೆ ಈ ಮುತ್ತೂ ಇಲ್ಲ, ಮಾತೂ ಇಲ್ಲ.

ಅವರಾರಿಗೂ ತಾವು 'ಫ್ಯೂಡಲಿಸಂ'ನಲ್ಲಿ ಬದುಕುತ್ತಿದ್ದೇವೆಂದು ಗೊತ್ತಿರಲಿಲ್ಲ. ಅದನ್ನೊಂದು ವ್ಯವಸ್ಥೆಯಾಗಿ ಹೊಲಿದವರು ಶತಮಾನಗಳ ನಂತರದ ವಕೀಲರು ಮತ್ತು ಇತಿಹಾಸಕಾರರು. 1789ರ ಆಗಸ್ಟಿನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಫ್ಯೂಡಲ್ ಪದ್ಧತಿಯನ್ನು ಸಂಪೂರ್ಣ ನಾಶಮಾಡಿದ್ದೇವೆಂದು ಸಾರಿತು. ಹಾಗೆಂದು ಸಾರಿಯೂ, ಜಮೀನ್ದಾರರಿಗೆ ಸಲ್ಲುತ್ತಿದ್ದ ಎಷ್ಟೋ ಪಾವತಿಗಳಿಂದ ರೈತರು ಹಣ ಕೊಟ್ಟೇ ಬಿಡಿಸಿಕೊಳ್ಳಬೇಕು ಎಂದಿತು. 'ಇಸಂ' ಬಾಲ ಚಲಾವಣೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1974ರಲ್ಲಿ ಎಲಿಜಬೆತ್ ಬ್ರೌನ್ ಎಂಬ ಇತಿಹಾಸಕಾರ್ತಿ, ಈ ಪದ ನಮ್ಮ ಕಣ್ಣು ಕಟ್ಟುತ್ತಿದೆ, ಬಿಟ್ಟುಬಿಡಿ ಎಂದು ವಾದಿಸಿದರು.

ಕನ್ನಡದ 'ಊಳಿಗಮಾನ್ಯ' ನನಗೆ ಮೂಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಊಳಿಗವೆಂದರೆ ಸೇವೆ, ಮಾನ್ಯವೆಂದರೆ ಕಂದಾಯ ಬಿಟ್ಟ ಜಮೀನು. ವ್ಯವಹಾರವೆಲ್ಲ ಹೆಸರಲ್ಲೇ ಇದೆ. ದನದ ಗುಟ್ಟು ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ಸೊಕ್ಕಿಗೆಲ್ಲ ಆ ಹೆಸರಿಟ್ಟರೆ ಜಮೀನಿನ ಮಾತೇ ಮರೆಯಾಗುತ್ತದೆ.

ಬ್ರೌನ್ ಪದ ಬಿಡಿ ಎಂದ ಅದೇ 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಉಳುವವನೇ ಒಡೆಯ ಎನ್ನುವ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಅಲ್ಲಿಯತನಕ ನಮ್ಮಜ್ಜ ಅಕ್ಕಿಮುಡಿ ಹೊತ್ತು ಧಣಿಗಳ ಅಂಗಳದಲ್ಲಿ ಇಳಿಸುತ್ತಿದ್ದವರು. ಊಳಿಗಮಾನ್ಯ ಎಂಬ ಪದ ಅವರ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ಅವರು ಹೇಳುತ್ತಿದ್ದದ್ದು 'ಗೇಣಿ' ಎಂದಷ್ಟೇ.