ಶಾಬ್ಡನ್ ಕಥೆಯನ್ನೂ ಹೇಳಬೇಕಿತ್ತು

ಇಂಗ್ಲೆಂಡಿನ ಹೆರೆಫೋರ್ಡ್‌ಶೈರ್ ಜಿಲ್ಲೆಯ ಕಿಲ್‌ಪೆಕ್ ಹಳ್ಳಿಯ ಚರ್ಚ್ ಬಗ್ಗೆ ನೀವು ಲೇಖನ ಬರೆದದ್ದು ಖುಷಿ ಆಯ್ತು. ಆದರೆ ಇಡೀ ಲೇಖನದಲ್ಲಿ ಶೀಲಾ-ನಾ-ಗಿಗ್ ಎಂಬ ಆ ಬೆತ್ತಲೆ ಹೆಂಗಸಿನ ಶಿಲ್ಪದ ಮಾತೇ ಜಾಸ್ತಿ ಅಲ್ವಾ? ಸೂರಿನ ಕೆಳಗೆ ಸುತ್ತಲೂ 85 ಕೆತ್ತಿದ ಕಲ್ಲುಗಳು ಉಳಿದಿವೆ. ನಾಯಿ ಮತ್ತು ಮೊಲ ಪಕ್ಕಪಕ್ಕ ಕೂತಿರುವ ಕಲ್ಲೊಂದಿದೆ. ನನಗಂತೂ ಅದೇ ಇಷ್ಟ.

ಕಟ್ಟಡ ಚಿಕ್ಕದು. ಜನ ಕೂರುವ ಜಾಗ, ಅದರಾಚೆ ಪಾದ್ರಿಗಳ ಜಾಗ, ಕೊನೆಗೆ ಅರ್ಧವೃತ್ತದ ಗರ್ಭಗುಡಿಯಂಥ ಭಾಗ, ಅಷ್ಟೇ. ಸುಮಾರು 1140ರಲ್ಲಿ, ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕಾಲದಲ್ಲಿ ಕಟ್ಟಿದ್ದು. ದಕ್ಷಿಣದ ಬಾಗಿಲಿನ ಕೆಂಪು ಮರಳುಗಲ್ಲಿನ ಮೇಲೆ ಬಳ್ಳಿ, ಹಾವು, ಹಕ್ಕಿಗಳು ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತವೆ.

ಅದೇ ಜಿಲ್ಲೆಯ ಶಾಬ್ಡನ್‌ನಲ್ಲೂ ಇದೇ ಶೈಲಿಯ ಚರ್ಚ್ ಇತ್ತು. 1750ರ ದಶಕದಲ್ಲಿ ಹೊಸ ಚರ್ಚ್ ಕಟ್ಟಲು ಅದನ್ನು ಕೆಡವಿದರು. ಹಳೆಯ ಕಮಾನುಗಳನ್ನು ಸುಮ್ನೆ ಅಂದಕ್ಕೆಂದು ದಿಬ್ಬದ ಮೇಲೆ ಬಯಲಲ್ಲಿ ನಿಲ್ಲಿಸಿದರು. ಮಳೆ ಗಾಳಿಗೆ ಆ ಕೆತ್ತನೆ ಬಹುಪಾಲು ಸವೆದುಹೋಗಿದೆ. ಎರಡೂ ಕಡೆಯ ಫೋಟೋ ಅಕ್ಕಪಕ್ಕ ಹಾಕಿದ್ದರೆ ಕಿಲ್‌ಪೆಕ್ ಉಳಿದದ್ದು ಎಂಥ ಅದೃಷ್ಟ ಅನ್ನೋದು ಓದುಗರಿಗೆ ತಕ್ಷಣ ತಿಳಿಯುತ್ತಿತ್ತು.