ಕೈ ಎತ್ತಿದವನು ನಾನೊಬ್ಬನೇ

ಸಿನಿಮಾ ಮಂದಿರದಲ್ಲಿದ್ದ ಹನ್ನೊಂದು ಜನರಲ್ಲಿ ಕೈ ಎತ್ತಿದವನು ನಾನೊಬ್ಬನೇ. ಎತ್ತಿದ ಕೈಯನ್ನು ಹೇಗೆ ಇಳಿಸುವುದೆಂದು ತೋಚದೆ, ಕೊನೆಗೆ ತಲೆ ಕೆರೆದುಕೊಳ್ಳುವವನ ಹಾಗೆ ನಟಿಸಿ ಇಳಿಸಿದೆ. ಐವತ್ತಮೂರು ವರ್ಷದ ಮನುಷ್ಯ ನಾನು. ನಿನ್ನೆ ಬೆಳಿಗ್ಗೆಯಿಂದ ಅದೊಂದೇ ಕಣ್ಣ ಮುಂದೆ ಕುಣಿಯುತ್ತಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಇವತ್ತು ಕಚೇರಿಯ ಸಭೆಯಲ್ಲಿ ಯಾರೋ "ಒಪ್ಪಿಗೆ ಇರುವವರು ಕೈ ಎತ್ತಿ" ಎಂದಾಗ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

ಯಾವ ಮಾಲ್, ಯಾವ ಚಿತ್ರ ಎಂದು ಕೇಳಬೇಡಿ. ಕೊರಿಯಾದ ಚಿತ್ರ. ಅದರ ತಪ್ಪೇನೂ ಇಲ್ಲ, ಚೆನ್ನಾಗಿಯೇ ಇದ್ದಿರಬೇಕು. ನನಗೆ ಹೇಗೆ ಗೊತ್ತಾಗಬೇಕು? ಸಬ್‌ಟೈಟಲ್ ಇರಲಿಲ್ಲವಲ್ಲ!

ಇಡೀ ಊರಿಗೆ ದಿನಕ್ಕೆ ಒಂದೇ ಪ್ರದರ್ಶನ, ಅದೂ ಬೆಳಿಗ್ಗೆ ಒಂಬತ್ತು ಐವತ್ತಕ್ಕೆ. ಕೆಲಸಕ್ಕೆ ಹೋಗುವವನು ಯಾವನಾದರೂ ಸೋಮವಾರ ಆ ಹೊತ್ತಿಗೆ ಸಿನಿಮಾ ನೋಡುತ್ತಾನೆಯೇ? ನೋಡುತ್ತಾನೆ, ಅರ್ಧ ದಿನ ರಜೆ ಹಾಕಿ ನೋಡುತ್ತಾನೆ, ಏಕೆಂದರೆ ಶುಕ್ರವಾರ ಬಂದರೆ ಅದನ್ನು ಎತ್ತಿಬಿಡುತ್ತಾರೆ. ಟಿಕೆಟ್ ತಲಾ ಮುನ್ನೂರ ಇಪ್ಪತ್ತು. ಮೇಲೆ ಅನುಕೂಲ ಶುಲ್ಕ ಎಂದು ಬೇರೆ ಕಿತ್ತುಕೊಂಡರು. ಯಾರ ಅನುಕೂಲಕ್ಕೆ? ಕಳೆದ ವರ್ಷ, 2025ರ ಸೆಪ್ಟೆಂಬರ್ 12ರಂದು, ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿ ಆದೇಶ ಹೊರಡಿಸಿತು. 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಆ ಹನ್ನೊಂದು ದಿನ ನಾನು ಜ್ವರ ಬಂದು ಮಲಗಿದ್ದೆ. ನನ್ನ ಹಣೆಬರಹವೇ ಅಂಥದ್ದು.

ಜೊತೆಗೆ ಭಾವ ಬೇರೆ. ಕಣ್ಣು ತೋರಿಸಿಕೊಳ್ಳಲು ತಿಪಟೂರಿನಿಂದ ಬಂದಿದ್ದರು. ಆಸ್ಪತ್ರೆಯ ಸಮಯ ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಟಿವಿ ನೋಡಿಕೊಂಡು ಇರುತ್ತೇನೆ ಎಂದವರನ್ನು ಎಳೆದುಕೊಂಡು ಹೋದವನು ನಾನೇ. ದಾರಿಯುದ್ದಕ್ಕೂ ಭಾಷಣ. 2020ರಲ್ಲಿ ಕೊರಿಯಾದ 'ಪ್ಯಾರಸೈಟ್' ಚಿತ್ರ ನಮ್ಮಲ್ಲಿ ಜನವರಿ 31ಕ್ಕೆ ಬಿಡುಗಡೆಯಾಯಿತು ಭಾವ, ಆಸ್ಕರ್ ಬರುವುದಕ್ಕೆ ಹತ್ತು ದಿನ ಮೊದಲೇ ನೋಡಿದವನು ನಾನು. ಅದರ ನಿರ್ದೇಶಕ ಬಾಂಗ್ ಜೂನ್ ಹೋ ಗೋಲ್ಡನ್ ಗ್ಲೋಬ್ ವೇದಿಕೆಯಲ್ಲಿ ಏನು ಹೇಳಿದರು ಗೊತ್ತೇ, ಸಬ್‌ಟೈಟಲ್ ಎನ್ನುವುದು ಒಂದು ಅಂಗುಲದ ಗೋಡೆ, ಅದೊಂದನ್ನು ದಾಟಿದರೆ ಎಷ್ಟೋ ಒಳ್ಳೆಯ ಸಿನಿಮಾಗಳು ಸಿಗುತ್ತವೆ ಎಂದರು. ಭಾವ ಕಿಟಕಿಯ ಆಚೆ ನೋಡುತ್ತಾ "ಹೌದೇನು" ಎಂದರು.

ಜಾಹೀರಾತುಗಳು ಶುರುವಾದವು. ಚಿನ್ನದಂಗಡಿ, ಅಪಾರ್ಟ್‌ಮೆಂಟು, ಮತ್ತೆ ಚಿನ್ನದಂಗಡಿ. ಒಂದಕ್ಷರ ಅಳಿಸಿರಲಿಲ್ಲ, ಒಂದು ಶಬ್ದ ತಪ್ಪಿರಲಿಲ್ಲ. ಇಪ್ಪತ್ತೈದು ನಿಮಿಷ ಜಾಹೀರಾತು ತೋರಿಸಿ ಸಮಯ ಹಾಳುಮಾಡಿದರೆಂದು ಬೆಂಗಳೂರಿನವರೊಬ್ಬರು ಗ್ರಾಹಕ ನ್ಯಾಯಾಲಯಕ್ಕೆ ಹೋಗಿ 2025ರಲ್ಲಿ ಗೆದ್ದರು. ಅದಕ್ಕೂ ಹೈಕೋರ್ಟ್ ತಡೆ ಬಂತು. ಈ ಊರಿನಲ್ಲಿ ಎಲ್ಲದಕ್ಕೂ ತಡೆ ಸಿಗುತ್ತದೆ, ಜಾಹೀರಾತಿಗೊಂದು ಬಿಟ್ಟು.

ಆಮೇಲೆ ಚಿತ್ರ. ಅಡುಗೆಮನೆ. ಇಬ್ಬರು ಹೆಂಗಸರು ಜೋರಾಗಿ ಮಾತನಾಡುತ್ತಿದ್ದಾರೆ. ಕೆಳಗೆ ಏನೂ ಇಲ್ಲ.

ನನ್ನ ಪೆದ್ದುತನ ಕೇಳಿ. ಇಂಥ ಚಿತ್ರಗಳನ್ನು ನೋಡಿ ನೋಡಿ ಕೆಟ್ಟುಹೋದವನು ನಾನು. ಮೊದಲ ಐದು ನಿಮಿಷ, ಇದು ನಿರ್ದೇಶಕ ಬೇಕೆಂದೇ ಮಾಡಿದ್ದು ಎಂದುಕೊಂಡೆ! ಅಷ್ಟೇ ಆಗಿದ್ದರೆ ಪರವಾಗಿಲ್ಲ. ಭಾವನ ಕಿವಿಯ ಬಳಿ ಬಗ್ಗಿ, "ಇಂಥ ಚಿತ್ರಗಳಲ್ಲಿ ಮಾತಿಗಿಂತ ಮೌನ ಮುಖ್ಯ" ಎಂದೆ. ಪರದೆಯ ಮೇಲೆ ಆ ಇಬ್ಬರು ಉಸಿರು ಬಿಡದೆ ಕಿತ್ತಾಡುತ್ತಿದ್ದರು. ಭಾವ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ.

ಹತ್ತನೆಯ ನಿಮಿಷಕ್ಕೆ ಒಬ್ಬ ಮುದುಕ ಬಾಲ್ಕನಿಗೆ ಬಂದು ಸಿಗರೇಟು ಹಚ್ಚಿದ. ಆಗ ಕೆಳಗೆ ಬಲಮೂಲೆಯಲ್ಲಿ ಬಿಳಿ ಅಕ್ಷರಗಳು ಮೂಡಿದವು. ಬಂತು, ಸಬ್‌ಟೈಟಲ್ ಬಂತು ಎಂದು ನೆಟ್ಟಗೆ ಕುಳಿತೆ. ಓದಿದರೆ, ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬ ಇಂಗ್ಲಿಷ್ ಸಾಲು. ಮುದುಕ ಸಿಗರೇಟು ಆರಿಸಿದ, ಅಕ್ಷರಗಳೂ ಹೋದವು. 2012ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಆ ನಿಯಮವನ್ನು ಪಾಲಿಸಲು ಇವರಿಗೆ ಬರುತ್ತದೆ. ಮುಂದಿನ ಅರ್ಧ ಗಂಟೆ ನಾನು ಆ ಮುದುಕ ಮತ್ತೆ ಯಾವಾಗ ಸಿಗರೇಟು ಸೇದುತ್ತಾನೆ ಎಂದು ಕಾಯುತ್ತಿದ್ದೆ. ಓದಲು ಏನಾದರೂ ಸಿಗಲಿ ಎಂದು.

ಎದ್ದು ಹೊರಗೆ ಹೋದೆ. ಬಾಗಿಲ ಬಳಿಯ ಹುಡುಗ, "ಸಾರ್, ಅದು ಕೊರಿಯನ್ ಪಿಕ್ಚರ್, ಹಾಗೆಯೇ ಬರುತ್ತದೆ" ಎಂದ. ಅವನ ಮೇಲೆ ನನಗೆ ಕೋಪವಿಲ್ಲ. ಟಿಕೆಟ್ ಹರಿಯುವವನೂ ಅವನೇ, ಪಾಪ್‌ಕಾರ್ನ್ ಹೊರುವವನೂ ಅವನೇ. ಆಪರೇಟರ್ ಎಲ್ಲಿ ಎಂದು ಕೇಳಿದೆ. ಆ ಪದವೇ ಅವನಿಗೆ ತಿಳಿಯಲಿಲ್ಲ. ಹಿಂದೆಲ್ಲ ನಾವು ಕುಳಿತಲ್ಲಿಂದಲೇ "ಸೌಂಡ್!" ಎಂದು ಕೂಗಿದರೆ ಹಿಂದಿನ ಕಿಂಡಿಯಲ್ಲಿ ಒಂದು ತಲೆ ಕಾಣಿಸುತ್ತಿತ್ತು, ಬೈಗುಳವೂ ಕೇಳಿಸುತ್ತಿತ್ತು. ಈಗ ಆ ಕಿಂಡಿಯ ಹಿಂದೆ ಯಾರೂ ಇಲ್ಲ. ಹುಡುಗ ವಾಕಿಟಾಕಿಯಲ್ಲಿ ಏನೋ ಹೇಳಿದ. ಮ್ಯಾನೇಜರ್ ಬಂದರು. ಬಿಳಿ ಅಂಗಿ, ಕೊರಳಲ್ಲಿ ಪಟ್ಟಿ, ಬಹಳ ಮರ್ಯಾದಸ್ಥ.

ಇನ್ನು ಆ ಭಾಗ.

ಚಿತ್ರ ನಿಲ್ಲಿಸಲಿಲ್ಲ, ದೀಪಗಳನ್ನು ಮಾತ್ರ ಹಾಕಿದರು. ಮ್ಯಾನೇಜರ್ ಹೋಗಿ ಪರದೆಯ ಮುಂದೆ ನಿಂತರು. ಅವರ ಬಿಳಿ ಅಂಗಿಯ ಮೇಲೆ ಆ ಮುದುಕನ ಅರ್ಧ ಮುಖ ಬಿದ್ದಿತ್ತು. ಕಿಸೆಯಲ್ಲಿದ್ದ ಪೆನ್ನು ಸರಿಯಾಗಿ ಅವನ ಮೂಗಿನ ಮೇಲೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಕೇಳಿದರು: "ಚಿತ್ರ ಅರ್ಥವಾಗದೆ ಇರುವವರು ದಯವಿಟ್ಟು ಕೈ ಎತ್ತಿ."

ಸಬ್‌ಟೈಟಲ್ ಬೇಕಾದವರು ಅಂದರೇ? ಇಲ್ಲ. ತಾಂತ್ರಿಕ ದೋಷವಾಗಿದೆ, ಕ್ಷಮಿಸಿ ಅಂದರೇ? ಅದೂ ಇಲ್ಲ. ಅರ್ಥವಾಗದೆ ಇರುವವರು! ಮೂರನೆಯ ತರಗತಿಯ ಗಣಿತದ ಮೇಷ್ಟರು ಕೇಳಿದ ಹಾಗೆ. ನಾನು ಕೈ ಎತ್ತಿದೆ. ಧೈರ್ಯವಾಗಿ, ಪೂರ್ತಿಯಾಗಿ, ಮೊಳಕೈ ನೆಟ್ಟಗೆ ಮಾಡಿ ಎತ್ತಿದೆ, ಹಿಂದೆ ಹತ್ತು ಕೈಗಳು ಏಳುತ್ತವೆ ಎಂಬ ನಂಬಿಕೆಯಿಂದ. ತಿರುಗಿ ನೋಡಿದೆ. ಕೊನೆಯ ಸಾಲಿನ ಜೋಡಿಗೆ ಪರದೆ ಯಾವ ದಿಕ್ಕಿಗಿದೆ ಎಂಬುದೇ ಗೊತ್ತಿರಲಿಲ್ಲ. ಒಬ್ಬರು ನಿದ್ದೆ ಹೋಗಿದ್ದರು, ಹವಾನಿಯಂತ್ರಣಕ್ಕಾಗಿಯೇ ಬಂದಿದ್ದರೋ ಏನೋ. ಮುಂದಿನ ಸಾಲಿನಲ್ಲಿ ಕಾಲೇಜಿನ ಆರು ಹುಡುಗಿಯರು. ಒಬ್ಬಳೂ ಕೈ ಎತ್ತಲಿಲ್ಲ. ಭಾವನ ಕಡೆ ನೋಡಿದೆ. ಭಾವ ಎರಡೂ ಕೈಗಳನ್ನು ಪಾಪ್‌ಕಾರ್ನ್ ಡಬ್ಬದೊಳಗೆ ಇಟ್ಟುಕೊಂಡಿದ್ದರು.

"ನಿಮಗೊಬ್ಬರಿಗೇ ಸಾರ್?" ಎಂದರು ಮ್ಯಾನೇಜರ್. ವ್ಯಂಗ್ಯವಿರಲಿಲ್ಲ. ಕನಿಕರವಿತ್ತು. ವ್ಯಂಗ್ಯವಾಗಿದ್ದರೆ ಜಗಳವಾಡಬಹುದಿತ್ತು. "ಮೂರನೆಯ ಸ್ಕ್ರೀನಿನಲ್ಲಿ ಕನ್ನಡ ಚಿತ್ರ ಇದೆ ಸಾರ್, ಅಲ್ಲಿ ಕೂರಿಸಲೇ?"

ಆಗ ಆ ಹುಡುಗಿಯರಲ್ಲಿ ಒಬ್ಬಳು ತಿರುಗಿ, "ಅಂಕಲ್, ಬೇಕಿದ್ದರೆ ನಾವು ಹೇಳುತ್ತೇವೆ" ಎಂದಳು. ಕೊರಿಯಾದ ಧಾರಾವಾಹಿಗಳನ್ನು ನೋಡಿ ನೋಡಿಯೇ ಭಾಷೆ ಕಲಿತಿದ್ದಾರಂತೆ. ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ನಾನು ಇಪ್ಪತ್ತು ವರ್ಷಗಳಿಂದ ವಿದೇಶಿ ಚಿತ್ರ ನೋಡುತ್ತಿರುವವನು, ಬೆಂಗಳೂರು ಚಿತ್ರೋತ್ಸವ ಶುರುವಾದಾಗಿನಿಂದ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಸಾಲಿನಲ್ಲಿ ನಿಂತವನು. ನನಗೆ ಬರುವ ಕೊರಿಯನ್ ಪದ ಒಂದೂ ಇಲ್ಲ. ಅವಳು ಕುರ್ಚಿಯ ಸಂದಿನಲ್ಲಿ ಮುಖ ಇಟ್ಟು ಹೇಳಿದಳು: "ಊಟ ಆಯಿತಾ ಅಂತ ಕೇಳುತ್ತಿದ್ದಾರೆ ಅಂಕಲ್." ಇಷ್ಟು ಹೊತ್ತು ಕಿತ್ತಾಡಿದವರು ಊಟದ ವಿಚಾರ ಏಕೆ ಕೇಳುತ್ತಾರೆ ಎಂದೆ. "ಅವರೂ ನಮ್ಮ ಹಾಗೆಯೇ ಅಂಕಲ್, ಮಾತು ಶುರುಮಾಡುವುದೇ ಹಾಗೆ." ಭಾವನಿಗೆ ಇದು ಬಹಳ ಹಿಡಿಸಿತು. ಕೊನೆಯವರೆಗೂ ಯಾರು ಯಾರಿಗೆ ಏನು ಹೇಳಿದರೂ "ಊಟ ಆಯಿತಾ ಅನ್ನುತ್ತಿದ್ದಾನೆ" ಎಂದು ನನಗೆ ಅನುವಾದಿಸುತ್ತಿದ್ದರು.

ಈಗ ನನ್ನ ಪ್ರಶ್ನೆ. ಯಾರಾದರೂ ಉತ್ತರ ಕೊಡಿ. ಸಿನಿಮಾ ಮಂದಿರದಲ್ಲಿ ಕೆಲಸ ಮಾಡುವವರು, ಮಾಡಿ ಬಿಟ್ಟವರು, ಯಾರಾದರೂ. ಸಬ್‌ಟೈಟಲ್ ಇದೆಯೋ ಇಲ್ಲವೋ ನೋಡುವುದು ಯಾರ ಕೆಲಸ? ಪರಿಚಯದವನೊಬ್ಬ ವಿವರಿಸಿದ: ಚಿತ್ರ ಈಗ ಕಂಪ್ಯೂಟರಿನ ಕಡತವಾಗಿ ಬರುತ್ತದೆ, ಸಬ್‌ಟೈಟಲ್ ಎಷ್ಟೋ ಸಲ ಬೇರೆಯೇ ಕಡತ. ಪಟ್ಟಿಯಲ್ಲಿ ಎರಡು ಉದ್ದುದ್ದ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ, ನಡುವಿನ ಒಂದೆರಡು ಅಕ್ಷರ ಮಾತ್ರ ಬೇರೆ. ಸಬ್‌ಟೈಟಲ್ ಇಲ್ಲದ್ದನ್ನು ಆರಿಸಿದರೆ ಮುಗಿಯಿತು. ಅಂದರೆ ಸರಿಯಾದದ್ದು ಆ ಯಂತ್ರದೊಳಗೇ ಇದ್ದಿರಬಹುದು! ಎರಡು ನಿಮಿಷದ ಕೆಲಸ! ಮ್ಯಾನೇಜರನ್ನು ಕೇಳಿದರೆ "ಮೇಲಿನಿಂದಲೇ ಹಾಗೆ ಬರುತ್ತದೆ ಸಾರ್" ಎಂದಿದ್ದರು. ಮೇಲೆ ಎಂದರೆ ಎಲ್ಲಿ ಎಂದರೆ ಚಾವಣಿ ತೋರಿಸಿದರು. ನಾನೂ ತಲೆ ಎತ್ತಿ ಚಾವಣಿ ನೋಡಿದೆ.

ಜನವೇ ಬರುವುದಿಲ್ಲ, ನಾವೇನು ಮಾಡೋಣ ಎನ್ನುತ್ತಾರೆ. ಬರುವುದಿಲ್ಲವೇ? 2025ರ ಸೆಪ್ಟೆಂಬರ್‌ನಲ್ಲಿ ಜಪಾನಿನ 'ಡೀಮನ್ ಸ್ಲೇಯರ್' ಬಂದಾಗ ನನ್ನ ಅಕ್ಕನ ಮಗನಿಗೆ ಎರಡು ದಿನ ಟಿಕೆಟ್ ಸಿಗಲಿಲ್ಲ. ಅದು ಹಿಂದಿಯಲ್ಲೂ ಬಂತು, ತಮಿಳು, ತೆಲುಗಿನಲ್ಲೂ ಬಂತು. ಕನ್ನಡ? ಕೇಳಬೇಡಿ. ಡಬ್ಬಿಂಗ್ ಬೇಡ ಎಂದು ದಶಕಗಳ ಕಾಲ ಬಾಗಿಲು ಹಾಕಿಕೊಂಡು ಕುಳಿತೆವು, 2017ರಲ್ಲಿ ತೆರೆದೆವು, ಆದರೂ ತೆರೆದ ಬಾಗಿಲಿಗೆ ಇದು ಬರಲಿಲ್ಲ. ಕನ್ನಡದಲ್ಲಿ ಸಬ್‌ಟೈಟಲ್ ಹಾಕಿದರೆ ಭಾವನಂಥವರೂ ಓದುತ್ತಿದ್ದರು ಎಂದು ಬರೆಯಲು ಹೊರಟಿದ್ದೆ. ಅದನ್ನು ಬರೆಯುವ ಹಾಗಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಹೋಗಲಿ ಬಿಡಿ. ನಿಜ ಹೇಳಬೇಕೆಂದರೆ ನನಗೆ ಈ ಕೋಪ ಪಡುವ ಹಕ್ಕೂ ಇಲ್ಲ. ಕಾಲೇಜಿನ ದಿನಗಳಲ್ಲಿ ಪ್ಲಾಜಾದಲ್ಲಿ, ರೆಕ್ಸ್‌ನಲ್ಲಿ, ಲಿಡೋದಲ್ಲಿ ಇಂಗ್ಲಿಷ್ ಚಿತ್ರ ನೋಡುತ್ತಿದ್ದೆವಲ್ಲ, ಆಗ ಯಾವ ಸಬ್‌ಟೈಟಲ್ ಇತ್ತು? ಅಮೆರಿಕದವರು ಮೂಗಿನಲ್ಲಿ ಆಡಿದ ಮಾತು ಕಾಲು ಭಾಗವೂ ತಿಳಿಯುತ್ತಿರಲಿಲ್ಲ. ಬಾಲ್ಕನಿಯವರು ನಕ್ಕಾಗ ನಾವೂ ನಗುತ್ತಿದ್ದೆವು, ಅರ್ಧ ಸೆಕೆಂಡು ತಡವಾಗಿ. ಪ್ಲಾಜಾ ಇದ್ದ ಜಾಗದಲ್ಲಿ ಈಗ ಮೆಟ್ರೋ. ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಅಲ್ಲಿ ಯಾರೂ ನನ್ನನ್ನು ಅರ್ಥವಾಯಿತೇ ಎಂದು ಕೇಳಲಿಲ್ಲ. ಕೇಳಿದ್ದರೆ ಇಡೀ ಗಾಂಧಿ ಕ್ಲಾಸ್ ಕೈ ಎತ್ತುತ್ತಿತ್ತು.

ಇಲ್ಲ, ಹೋಗಲಿ ಬಿಡಿ ಎನ್ನಲು ಆಗುವುದಿಲ್ಲ! ಆರುನೂರ ನಲವತ್ತು ರೂಪಾಯಿ! ಅರ್ಧ ದಿನದ ರಜೆ!

ಹಣ ವಾಪಸು ಕೇಳಿದೆ. ಚಿತ್ರದ ಮೊದಲರ್ಧ ಗಂಟೆ ಆದ ಮೇಲೆ ಬರುವುದಿಲ್ಲವಂತೆ. ಅದರ ಬದಲಿಗೆ ಒಂದು ಕೂಪನ್ ಕೊಟ್ಟರು: ಮಧ್ಯಮ ಗಾತ್ರದ ಪಾಪ್‌ಕಾರ್ನ್ ಒಂದು, ಸೋಮವಾರದಿಂದ ಗುರುವಾರದವರೆಗೆ ಮಾತ್ರ, ಚಿತ್ರದ ಟಿಕೆಟ್ ಕಡ್ಡಾಯ. ನಾನು ಅದನ್ನು ಅಲ್ಲಿಯೇ ಹರಿಯಬೇಕೆಂದಿದ್ದೆ. ಭಾವ ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಅಂಗಿಯ ಕಿಸೆಗೆ ಸೇರಿಸಿದರು.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಕೇಳಿದೆ, ಯಾಕೆ ಭಾವ, ನೀವಾದರೂ ಕೈ ಎತ್ತಬಹುದಿತ್ತಲ್ಲ. "ನನಗೆ ಅರ್ಥವಾಗುತ್ತಿತ್ತಲ್ಲ" ಎಂದರು. ಏನು ಅರ್ಥವಾಯಿತು? "ಆ ಮುದುಕನಿಗೆ ಮಗಳ ಮೇಲೆ ಸಿಟ್ಟಿಲ್ಲ. ಎಲ್ಲಿಯೋ ಸಾಲ ಮಾಡಿಕೊಂಡಿದ್ದಾನೆ, ಹೇಳಲು ನಾಚಿಕೆ. ಅದಕ್ಕೇ ಪದೇ ಪದೇ ಹೊರಗೆ ಹೋಗಿ ನಿಲ್ಲುತ್ತಾನೆ." ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಕಥೆ ಸಿಗುತ್ತದೆ. ನಾನು ಹುಡುಕುವುದಿಲ್ಲ. ಸರಿಯಾಗಿದ್ದರೆ ಇನ್ನೂ ಒಂದು ರಾತ್ರಿಯ ನಿದ್ದೆ ಹೋಗುತ್ತದೆ.

ಮೂರು ಗಂಟೆಗೆ ವೈದ್ಯರು ಭಾವನ ಕಣ್ಣು ನೋಡಿ, ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಇಷ್ಟು ದಿನ ಏನು ಓದುತ್ತಿದ್ದಿರಿ ಎಂದು ಬೈದರು. ಓದುತ್ತಿರಲಿಲ್ಲ ಎಂದರು ಭಾವ. ಪೇಪರು ಓದುವುದನ್ನು ಬಿಟ್ಟು ಒಂದು ವರ್ಷವಾಯಿತಂತೆ. ಅಂದರೆ ಸಬ್‌ಟೈಟಲ್ ಇದ್ದಿದ್ದರೂ, ಯಾವ ಭಾಷೆಯಲ್ಲಿ ಇದ್ದಿದ್ದರೂ, ಅಷ್ಟೇ. ಬೆಳಿಗ್ಗೆ ದಾರಿಯಲ್ಲಿ ಒಂದು ಅಂಗುಲದ ಗೋಡೆಯ ಬಗ್ಗೆ ಅಷ್ಟು ಹೊತ್ತು ಭಾಷಣ ಮಾಡಿದಾಗ ಇದನ್ನು ಹೇಳಬಾರದಿತ್ತೇ ಭಾವ ಎಂದರೆ, "ನೀನು ಖುಷಿಯಾಗಿ ಹೇಳುತ್ತಿದ್ದೆಯಲ್ಲ" ಎಂದರು.

ಇನ್ನು ಮೇಲೆ ಆ ಮೆಟ್ಟಿಲು ಹತ್ತುವುದಿಲ್ಲ. ಇದನ್ನು ಬರೆದು ಮುಗಿಸಿ, ಸಿನಿಮಾ ಟಿಕೆಟಿನ ಆ್ಯಪನ್ನೂ ಮೊಬೈಲಿನಿಂದ ತೆಗೆದುಹಾಕಬೇಕೆಂದಿದ್ದೆ. ಅಷ್ಟರಲ್ಲಿ ಭಾವ ಒಳಗಿನಿಂದ ಬಂದರು. ಅಕ್ಕನಿಗೆ ಫೋನ್ ಮಾಡಿ ಇನ್ನೆರಡು ದಿನ ಇದ್ದು ಬರುತ್ತೇನೆಂದು ಹೇಳಿಯಾಯಿತಂತೆ. ಕಿಸೆಯಿಂದ ಕೂಪನ್ ತೆಗೆದು ನನಗೆ ಕೊಟ್ಟು, "ಇದರ ಮೇಲೆ ತಾರೀಕು ಏನಿದೆ ನೋಡು, ನನಗೆ ಕಾಣುವುದಿಲ್ಲ. ಗುರುವಾರದೊಳಗೆ ಹೋಗಬೇಕಲ್ಲವೇ?" ಎಂದರು.