ಬಿಚ್ಚಲು ಬರುವ ಮನೆ

ಇಲ್ಲಿನ ಕನ್ನಡ ಕೂಟದಲ್ಲಿ ಪರಿಸರಸ್ನೇಹಿ ಮನೆಗಳ ಮಾತೆತ್ತಿದರೆ ಸಾಕು, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಈ ಅಮೆರಿಕದವರಿಗೆ ಇದೆಲ್ಲ ಹೊಸದು ಮಾರಾಯ್ರೆ, ನಮ್ಮಜ್ಜ ಮನೆ ಕಟ್ಟಿಸಿದ್ದೇ ಹೀಗೆ." ಅಜ್ಜನ ಮಟ್ಟಿಗೆ ಮಾತು ನಿಜ. ಮೊಮ್ಮಕ್ಕಳ ಮಟ್ಟಿಗೆ ಅಲ್ಲ. ಹಾಗೆ ಹೆಮ್ಮೆಪಡುವವರಲ್ಲಿ ಹೆಚ್ಚಿನವರು ಅಜ್ಜನ ಮನೆ ಕೆಡವಿಸಿ ಅದೇ ಜಾಗದಲ್ಲಿ ಕಾಂಕ್ರೀಟು ಮೋಲ್ಡು ಹಾಕಿಸಿದವರೇ.

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ಈ ನಗರ 2016ರಲ್ಲಿ ಒಂದು ಕಾನೂನು ತಂದಿತು. 1916ರಲ್ಲಿ ಅಥವಾ ಅದಕ್ಕೂ ಮೊದಲು ಕಟ್ಟಿದ ಮನೆಯನ್ನು ಯಂತ್ರ ನುಗ್ಗಿಸಿ ಉರುಳಿಸುವಂತಿಲ್ಲ, ಕೈಯಿಂದ ಒಂದೊಂದೇ ಭಾಗವಾಗಿ ಬಿಚ್ಚಬೇಕು. 2020ರಿಂದ ಈ ಗಡಿ 1940ಕ್ಕೆ ಬಂತು. ಬಿಚ್ಚುವವರೂ ತರಬೇತಾಗಿ ನಗರದ ಪಟ್ಟಿಯಲ್ಲಿರುವ ಗುತ್ತಿಗೆದಾರರೇ ಆಗಬೇಕು. ಕಾರಣ ಕೇವಲ ಪರಿಸರಪ್ರೇಮವಲ್ಲ. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಗೋಡೆ ಮಾಡುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಯಂತ್ರ ನುಗ್ಗಿಸಿದರೆ ಆ ದೂಳು ನೆರೆಮನೆಯವರ ಅಂಗಳಕ್ಕೆ ಬೀಳುತ್ತದೆ. ಅವರ ಗಲಾಟೆಗೂ ಈ ಕಾನೂನಿನಲ್ಲಿ ಪಾಲಿದೆ. ಇನ್ನೊಂದು ಕಾರಣ ಮರ. ಆ ಮನೆಗಳ ತೊಲೆಗಳು ನೂರಾರು ವರ್ಷ ಬೆಳೆದ ಡಗ್ಲಸ್ ಫರ್ ಮರದವು. ಎಳೆ ಒತ್ತೊತ್ತಾಗಿರುವ ಅಂಥ ನಾಟಾ ಇಂದಿನ ನೆಡುತೋಪುಗಳಲ್ಲಿ ಸಿಗುವುದಿಲ್ಲ.

ಊರಿನಲ್ಲಿ ಇದಕ್ಕೆ ಕಾನೂನು ಬೇಕಾಗಲಿಲ್ಲ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಹಳೆ ಮನೆ ಬೀಳುತ್ತದೆ ಎಂಬ ಸುದ್ದಿ ಹಬ್ಬಿದರೆ ಕೊಳ್ಳುವವರೇ ಹುಡುಕಿಕೊಂಡು ಬರುತ್ತಾರೆ. ಕಂಬ, ತೊಲೆ, ಬಾಗಿಲುವಾಡ, ಪಕಾಸು, ಹೆಂಚು, ಮೆಟ್ಟಿಲಿನ ಕಲ್ಲು ಎಲ್ಲಕ್ಕೂ ಗಿರಾಕಿಯಿದೆ. ಇಲ್ಲಿ ಮನೆ ಕೆಡವಿಸಲು ಯಜಮಾನನೇ ದುಡ್ಡು ತೆರಬೇಕು. ಅಲ್ಲಿ ಒಳ್ಳೆಯ ಮರವಿದ್ದರೆ ಕೆಡವುವವನೇ ಯಜಮಾನನಿಗೆ ಕೊಡುತ್ತಾನೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ನಿಂತಿರುವುದೇ ಈ ಗುಣದ ಮೇಲೆ. ಬೇರೆ ಬೇರೆ ಊರುಗಳ ಮನೆಗಳನ್ನು ಇಡಿಯಾಗಿ ಬಿಚ್ಚಿ, ತಂದು, ಮತ್ತೆ ಜೋಡಿಸಿದ್ದಾರೆ. ಮೊಳೆ ಹೊಡೆಯದೆ ಸಂದು ಕೊರೆದು ಬೆಣೆ ಬಡಿದ ಆಚಾರಿಯ ಕೆಲಸ ಅದಾದ್ದರಿಂದ ಸಾಧ್ಯವಾಯಿತು.

ಮಂಗಳೂರು ಹೆಂಚಿನ ಕಥೆಯೂ ಅದೇ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ನದಿದಡದ ಜೇಡಿಮಣ್ಣು ಪಕ್ಕದಲ್ಲೇ ಇತ್ತು. ಹೆಂಚಿನ ಅಂಚಿನಲ್ಲಿರುವ ತೋಡು ಪಕ್ಕದ ಹೆಂಚನ್ನು ಹಿಡಿದುಕೊಳ್ಳುತ್ತದೆ, ಕೆಳಗಿನ ಮೂತಿ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಗಾರೆಯೂ ಬೇಡ, ಅಂಟೂ ಬೇಡ. ಹೀಗಾಗಿ ಒಂದೇ ಹೆಂಚು ಎರಡು ಮೂರು ಮನೆಗಳ ಮಳೆ ತಡೆದ ಉದಾಹರಣೆ ಬೇಕಾದಷ್ಟಿದೆ. ಒಡೆದ ಒಂದನ್ನು ಮಾತ್ರ ತೆಗೆದು ಬೇರೆ ಇಟ್ಟರಾಯಿತು. ಇಲ್ಲಿ ಮಾಡಿಗೆ ಹಾಕುವುದು ಡಾಂಬರು ಹಾಳೆ. ಅದರ ಕಾಲ ಮುಗಿದರೆ ಕಿತ್ತು ಲಾರಿಗೆ ತುಂಬಿಸುವುದೇ.

ಹಾಗಂತ ನಮ್ಮ ಪದ್ಧತಿಯನ್ನು ಹೊಗಳಿ ನಿಲ್ಲಿಸಲಾರೆ. ಅದು ನಡೆಯುತ್ತಿರುವುದು ಕೂಲಿ ಅಗ್ಗವಾದ್ದರಿಂದ. ಇಲ್ಲಿ ಮುಖಗವಸು, ಉಸಿರುಗಾಪು ಇಲ್ಲದೆ ಹಳೆ ಗೋಡೆ ಮುಟ್ಟುವಂತಿಲ್ಲ. ಅಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ಬರಿಗಾಲಲ್ಲಿ ಅಟ್ಟ ಹತ್ತುತ್ತಾರೆ. ಕೂಲಿ ಏರಿದ ದಿನ ಈ ಮಾರುಕಟ್ಟೆ ತಾನಾಗಿ ಉಳಿಯುತ್ತದೆಂದು ನನಗೆ ನಂಬಿಕೆಯಿಲ್ಲ. ಕೂಲಿ ಏರುತ್ತಲೂ ಇದೆ, ಏರಲೂಬೇಕು.

ಅದಕ್ಕಿಂತ ದೊಡ್ಡ ತೊಡಕು ನಾವೀಗ ಕಟ್ಟುತ್ತಿರುವ ಮನೆಗಳದ್ದು. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯನ್ನು ತಟ್ಟಿ ಬಿಡಿಸಬಹುದು, ಗಾರೆ ಉದುರುತ್ತದೆ, ಇಟ್ಟಿಗೆ ಉಳಿಯುತ್ತದೆ. ಗಟ್ಟಿ ಸಿಮೆಂಟಿನಲ್ಲಿ ಕಟ್ಟಿದ ಗೋಡೆಯಲ್ಲಿ ಸಂದಿಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ. ಮೋಲ್ಡನ್ನಂತೂ ಒಡೆದರೆ ಕಂಬಿ ಗುಜರಿಗೆ, ಉಳಿದದ್ದು ಕೆರೆಯ ಅಂಚಿಗೆ ಅಥವಾ ಹೆದ್ದಾರಿಯ ಪಕ್ಕಕ್ಕೆ. ಅದನ್ನೇ ಜಲ್ಲಿ ಮಾಡಿ ಬಳಸಲು ಅಡ್ಡಿಯೇನಿಲ್ಲ. ಕಾಂಕ್ರೀಟಿನ ಜಲ್ಲಿ, ಮರಳು ಹೇಗಿರಬೇಕೆಂದು ಹೇಳುವ ಭಾರತೀಯ ಮಾನಕ 383ರ 2016ರ ಪರಿಷ್ಕರಣೆಯೇ ಎಂ25 ಎಂಬ ಬಲದ ದರ್ಜೆಯವರೆಗಿನ ಕಂಬಿ ಕಾಂಕ್ರೀಟಿನಲ್ಲಿ ದಪ್ಪ ಜಲ್ಲಿಯ ಶೇ. 20ರಷ್ಟು ಮರುಬಳಕೆಯದ್ದಿರಬಹುದು ಎಂದಿದೆ. ಅದೇ ವರ್ಷ ಕಟ್ಟಡ ತ್ಯಾಜ್ಯ ನಿರ್ವಹಣೆಯ ನಿಯಮಗಳೂ ಬಂದವು. ಆದರೆ ತೊಲೆ ತೊಲೆಯಾಗಿಯೇ ಇನ್ನೊಂದು ಮನೆ ಸೇರುವುದೂ ಗೋಡೆ ಪುಡಿಯಾಗಿ ಜಲ್ಲಿಯಾಗುವುದೂ ಒಂದೇ ಅಲ್ಲ. ಎರಡನೆಯದು ಕಬ್ಬನ್ನು ಒಲೆಗೆ ಹಾಕಿ ಉರಿ ಕಾಯಿಸಿಕೊಂಡಂತೆ.

ಪೋರ್ಟ್‌ಲ್ಯಾಂಡಿನ ಕಾನೂನೂ 1940ರಲ್ಲೇ ನಿಂತಿದೆ. ಆಮೇಲಿನ ಮನೆಗಳಲ್ಲಿ ಪ್ಲೈವುಡ್ಡು, ಅಂಟು, ಜಿಪ್ಸಮ್ ಹಲಗೆ ಹೆಚ್ಚು, ಬಿಚ್ಚಿದರೂ ಕೈಗೆ ಹತ್ತುವುದು ಕಡಿಮೆ. ಮುತ್ತಜ್ಜಂದಿರ ಮನೆಗಳನ್ನು ಗೌರವದಿಂದ ಬಿಚ್ಚುವುದು, ತಮ್ಮವನ್ನು ಬಿಚ್ಚಲಾಗದಂತೆ ಕಟ್ಟುವುದು ಎರಡೂ ಕಡೆ ಒಂದೇ ಸಮ.

ಸ್ಥಳೀಯ ಸಾಮಗ್ರಿಯ ವಿಷಯಕ್ಕೆ ಬಂದರೆ ಎರಡು ವಿಮಾನ ನಿಲ್ದಾಣಗಳನ್ನು ಹೋಲಿಸಬೇಕು. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ತಲೆಯೆತ್ತಿದರೆ ಬಿದಿರೋ ಬಿದಿರು. ಚೆಂದವಿದೆ, ಇಲ್ಲವೆನ್ನಲಾರೆ. ಆದರೆ ಭಾರ ಹೊತ್ತಿರುವುದು ಉಕ್ಕು, ಬಿದಿರು ಅದರ ಹೊದಿಕೆ. 2024ರ ಆಗಸ್ಟಿನಲ್ಲಿ ತೆರೆದ ಪೋರ್ಟ್‌ಲ್ಯಾಂಡ್ ಟರ್ಮಿನಲ್ಲಿನ ಒಂಬತ್ತು ಎಕರೆ ಚಾವಣಿಗೆ ಕಂಬ ಉಕ್ಕಿನದೇ ಆದರೂ ಚಾವಣಿಯ ತೊಲೆಗಳೇ ಮರ. ಅದೂ ಸುಮಾರು 300 ಮೈಲಿ ಒಳಗಿನ ಕಾಡುಗಳದ್ದು, ಸ್ಥಳೀಯ ಮೂಲನಿವಾಸಿ ಸಮುದಾಯಗಳ ಕಾಡಿನದೂ ಸೇರಿ. ಒಂದು ಕಡೆ ಸ್ಥಳೀಯ ಮರ ಕೆಲಸ ಮಾಡುತ್ತಿದೆ, ಇನ್ನೊಂದು ಕಡೆ ಬಿದಿರು ಅಲಂಕಾರಕ್ಕೆ ನಿಂತಿದೆ. ನನ್ನ ಮತ ಮೊದಲನೆಯದಕ್ಕೆ.

ಬೆಂಗಳೂರಿಗೆ ಲಾರಿ ತುಂಬಾ ಬರುವ ಕೆಂಪುಕಲ್ಲು ನೋಡಿದಾಗಲೂ ಇದೇ ಅನಿಸುತ್ತದೆ. ಆ ಕಲ್ಲು ಕರಾವಳಿಗೆ ಒಪ್ಪುತ್ತದೆ. ಅಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ, ಮನೆ ಹತ್ತಿರವೇ ಸಿಗುತ್ತದೆ. ಘಟ್ಟ ಹತ್ತಿಸಿ, ಮುನ್ನೂರು ಕಿಲೋಮೀಟರಿಗೂ ಹೆಚ್ಚು ಡೀಸೆಲು ಸುಟ್ಟು ತಂದು "ಪರಿಸರಸ್ನೇಹಿ" ಎನ್ನುವುದು ಯಾವ ಲೆಕ್ಕ? ಬೆಂಗಳೂರಿನ ಕಾಲ ಕೆಳಗೇ ಕಣಶಿಲೆಯಿದೆ. ಪಾಯ ತೋಡುವಾಗ ಬರುವ ಕೆಮ್ಮಣ್ಣೂ ಇದೆ. ಆ ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗೋಡೆ ಕಟ್ಟುವ ವಿದ್ಯೆಯನ್ನು ಬೆಳೆಸಿದ್ದು ಭಾರತೀಯ ವಿಜ್ಞಾನ ಸಂಸ್ಥೆ. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತವರ ಸಂಗಡಿಗರು ಪಟ್ಟ ಶ್ರಮವದು. ಆದರೆ ಇದೂ ಎಲ್ಲ ಕಡೆಗಲ್ಲ. ಬಯಲುಸೀಮೆಯ ಎರೆಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಬಿರುಕುಬಿಡುತ್ತದೆ, ಹಾಗೇ ಒತ್ತಿದರೆ ಆಗದು. ಕಲಬುರಗಿಯ ಕಡೆಯವರಿಗೆ ಶಹಾಬಾದ್ ಪರಸಿ ಕಲ್ಲು ಇದ್ದೇ ಇದೆ.

ಊರಿಗೆ ಇಲ್ಲಿಂದ ಕೊಂಡೊಯ್ಯಬಹುದಾದದ್ದು ಕಾನೂನಿಗಿಂತ ಹೆಚ್ಚಾಗಿ ಆ ತರಬೇತಿ ಮತ್ತು ಪಟ್ಟಿ. ಮನೆ ಬಿಚ್ಚುವವರು ನಮ್ಮಲ್ಲಿ ಈಗಲೂ ಇದ್ದಾರೆ, ಕೌಶಲವೂ ಇದೆ. ಅವರಿಗೆ ಗುರುತಿನ ಚೀಟಿ, ವಿಮೆ, ಮುಖಗವಸು ಕೊಟ್ಟು, ಹಳೆ ಮನೆ ಕೆಡವಲು ಪರವಾನಗಿ ಕೊಡುವಾಗ ಅವರ ಹೆಸರು ಕೇಳಿದರೆ ಸಾಕು. ಇನ್ನು ಹೊಸ ಮನೆ ಕಟ್ಟಿಸುವವರು ಮೇಸ್ತ್ರಿಯ ಹತ್ತಿರ ಮೊದಲ ದಿನವೇ ಮಾತಾಡಬೇಕು. ಗೋಡೆಯ ಗಾರೆ ಇಟ್ಟಿಗೆಗಿಂತ ಗಟ್ಟಿ ಬೇಡ, ಬಾಗಿಲುವಾಡವನ್ನು ಸಿಮೆಂಟಿನಲ್ಲಿ ಹೂಳುವ ಬದಲು ತಿರುಪು ಹಾಕಿ ನಿಲ್ಲಿಸಲಿ, ಉಕ್ಕಿನ ತೊಲೆಯಿದ್ದರೆ ಬೆಸುಗೆಯ ಬದಲು ಬೋಲ್ಟು ಹಾಕಲಿ. "ಯಾಕೆ ಸಾರ್, ಈಗ್ಲೇ ಕೆಡವೋ ಯೋಚ್ನೆನಾ?" ಎಂದು ಅವನು ನಗಬಹುದು. ನಗಲಿ, ಬೋಲ್ಟು ಹಾಕಿಸಿ.